ಐತಾಳರ ಕಾರಿನ ಮುಂದಿನ ಸೀಟು

ನನ್ನ ತಂಗಿಯ ಮಗಳು ಸಿಂಧು ಈಚೆಗೆ ಒಂದು ವಿಮಾ ಕಂಪನಿ ಸೇರಿದ್ದಾಳೆ. ಅದೂ ಮೋಟಾರು ವಿಭಾಗಕ್ಕೆ. ಸೇರಿದ ವಾರವೇ ಫೋನು ಮಾಡಿ, "ದೊಡ್ಡಮ್ಮಾ, ಅವ್ವಳವು ವರ್ಷಮಾ ಅಂಗೆ ಎನ್ನ ಪಣ್ಣಿನೀಂಗ?" ಎಂದು ಕೇಳಿದಳು. ಅಷ್ಟು ವರ್ಷ ಅಲ್ಲಿ ಏನು ಮಾಡಿದಿರಿ ಎಂದು ಅವಳ ಪ್ರಶ್ನೆ. ನಾನು ಕನ್ನಡದಲ್ಲಿ ಮಾತಾಡುವುದು, ಅವಳು ತಮಿಳಿನಲ್ಲಿ ಉತ್ತರ ಕೊಡುವುದು ನಮ್ಮಿಬ್ಬರ ಒಪ್ಪಂದ. "ಜಜ್ಜಿಹೋದ ಕಾರುಗಳ ಜಾತಕ ಬರೀತಿದ್ದೆ ಕಣೇ" ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ. ನಗುವವರಿಗೆ ಬುದ್ಧಿ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ತಂದೆ ಮೈಸೂರು ಕಡೆಯವರು. ರೈಲ್ವೆ ಕೆಲಸಕ್ಕೆಂದು ಮದರಾಸಿಗೆ ಬಂದವರು ಹಿಂದಿರುಗಿ ಹೋಗಲಿಲ್ಲ. ನನಗೆ ಸರ್ಕಾರಿ ವಿಮಾ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಎಗ್ಮೋರ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಹಳೆಯ ಕಟ್ಟಡದ ಎರಡನೇ ಮಹಡಿ. ಬಡ್ತಿಯ ಕಥೆ ಹೇಳಿ ಬೇಸರ ಹಿಡಿಸುವುದಿಲ್ಲ. ಮೊದಲು ಕುರ್ಚಿಗೆ ಕೈ ಬಂತು, ಆಮೇಲೆ ಕುರ್ಚಿಯ ಬೆನ್ನಿಗೆ ಟವೆಲ್ ಬಂತು, ಅಷ್ಟೆ. ತೊಂಬತ್ತರ ದಶಕದ ಕೊನೆಯಲ್ಲಿ ಖಾಸಗಿ ಕಂಪನಿಗಳು ಇನ್ನೂ ಬಂದಿರಲಿಲ್ಲ. ಜನ ನಮ್ಮಲ್ಲಿಗೆ ರೇಷನ್ ಅಂಗಡಿಗೆ ಬಂದ ಹಾಗೆ ಬರುತ್ತಿದ್ದರು, ನಾವೂ ಹಾಗೇ ನಡೆಸಿಕೊಳ್ಳುತ್ತಿದ್ದೆವು.

ನನ್ನ ಮೇಲಧಿಕಾರಿ ಸುಂದರೇಶನ್ ಸಾರ್. ನಂಬಿಕೆ ಎಂಬ ವಸ್ತುವನ್ನು ದೇವರು ಅವರಿಗೆ ಕೊಡಲು ಮರೆತಿದ್ದ. ಯಾರಾದರೂ ಗುಡ್ ಮಾರ್ನಿಂಗ್ ಎಂದರೆ ಕಿಟಕಿಯಾಚೆ ನೋಡಿ, ಬೆಳಗಾಗಿರುವುದನ್ನು ಖಾತ್ರಿ ಮಾಡಿಕೊಂಡು ಉತ್ತರ ಕೊಡುತ್ತಿದ್ದರು. ಇನ್ನೊಬ್ಬರು ಸರ್ವೇಯರ್ ನಟರಾಜನ್. ಅಪಘಾತವಾದ ಕಾರನ್ನು ಹೋಗಿ ನೋಡಿ, ಏನೇನು ಮುರಿದಿದೆ, ಹೇಗೆ ಮುರಿದಿದೆ ಎಂದು ವರದಿ ಕೊಡುವುದು ಅವರ ಕೆಲಸ. ಈಗಿನ ಹಾಗೆ ಫೋನಿನಲ್ಲಿ ನೂರು ಫೋಟೋ ಹೊಡೆಯುವ ಕಾಲವಲ್ಲ. ಅವರ ಬಳಿ ರೋಲು ಹಾಕುವ ಕ್ಯಾಮೆರಾ ಇತ್ತು, ಆ ರೋಲು ಮುಗಿಯುವ ತನಕ ತೊಳೆಸುತ್ತಿರಲಿಲ್ಲ. ಹೀಗಾಗಿ ನಮ್ಮ ಕಡತಗಳಲ್ಲಿ ನೆಗ್ಗಿದ ಬಾನೆಟ್ಟಿನ ಪಕ್ಕದಲ್ಲಿ ಅವರ ಮಗಳ ಹುಟ್ಟುಹಬ್ಬದ ಕೇಕೂ ಸೇರಿಕೊಂಡಿರುತ್ತಿತ್ತು. ಸುಂದರೇಶನ್ ಸಾರ್ ಕೇಕನ್ನೂ ಅನುಮಾನದಿಂದಲೇ ನೋಡುತ್ತಿದ್ದರು.

ಅಣ್ಣಾ ನಗರದಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರಿದ್ದರು. ಪ್ರತಿ ವರ್ಷ ಪಾಲಿಸಿ ನವೀಕರಿಸಲು ಬಂದಾಗ ತಮ್ಮ ಕಾರನ್ನು ತಾವೇ ಹೀನಾಯವಾಗಿ ಬೈಯುತ್ತಿದ್ದರು. "ಅದೊಂದು ಡಬ್ಬ ಮೇಡಂ, ತೂಕಕ್ಕೆ ಹಾಕಿದ್ರೂ ಯಾರೂ ತಗೊಳ್ಳಲ್ಲ" ಎಂದು ಬೆಲೆಯನ್ನು ಇಳಿಸಿ ಇಳಿಸಿ ಬರೆಸುತ್ತಿದ್ದರು. ಬೆಲೆ ಕಡಿಮೆ ಬರೆದರೆ ಪ್ರೀಮಿಯಂ ಕಡಿಮೆ. ಒಂದು ದಿನ ಆ ಡಬ್ಬವನ್ನು ಕಳ್ಳ ಹೊಡೆದುಕೊಂಡು ಹೋದ. ಮರುದಿನ ಬಂದವರ ಬಾಯಲ್ಲಿ ಅದು ಪಟ್ಟದ ಆನೆಯಾಗಿತ್ತು. "ಎಂಥಾ ಗಾಡಿ! ಎಷ್ಟು ಜನ ಕೇಳಿದ್ರು, ಕೊಡ್ಲಿಲ್ಲ!" ಎಂದು ಕಣ್ಣೊರೆಸಿಕೊಂಡರು. ಡಬ್ಬಕ್ಕೆ ವಿಮೆ ಮಾಡಿಸಿದವರಿಗೆ ಡಬ್ಬದ ಬೆಲೆಯೇ ಸಿಕ್ಕಿತು. ಸಿಂಧು, ಯಾರಾದರೂ ತಮ್ಮ ಕಾರನ್ನು ಬೈಯುತ್ತಾ ಬಂದರೆ ಮೊದಲು ಅವರನ್ನು ಕೂರಿಸಿ ಈ ಕಥೆ ಹೇಳು.

ಮಳೆಗಾಲದ ಕಥೆ ಇನ್ನೊಂದು. ಟಿ. ನಗರದಲ್ಲಿ ಮೊಳಕಾಲುದ್ದ ನೀರು ನಿಲ್ಲುವುದು ಪ್ರತಿ ವರ್ಷದ ಹಬ್ಬ. ನೀರಲ್ಲಿ ನಿಂತ ಕಾರಿನ ಕೀ ತಿರುಗಿಸಬಾರದು, ತಿರುಗಿಸಿದರೆ ಎಂಜಿನ್ ಒಳಗೆ ನೀರು ಹೊಕ್ಕು ಹಾಳಾಗುತ್ತದೆ, ಅದಕ್ಕೆ ವಿಮೆ ಕೊಡುವುದಿಲ್ಲ. ಇದನ್ನು ಸುಂದರೇಶನ್ ಸಾರ್ ಬಂದವರಿಗೆಲ್ಲ ಪಾಠ ಮಾಡುತ್ತಿದ್ದರು. ಒಂದು ಸಂಜೆ ಅವರದೇ ಕಾರು ನೀರಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಅವರ ಅತ್ತೆ ಕೂತಿದ್ದರಂತೆ. "ಸುಮ್ನೆ ಕೂತ್ರೆ ಆಗುತ್ತಾ ಮಾಪ್ಪಿಳ್ಳೈ?" ಎಂದು ಅಳಿಯನನ್ನು ಕೆಣಕಿದರಂತೆ. ಸಾರ್ ಕೀ ತಿರುಗಿಸಿಯೇಬಿಟ್ಟರು. ಎಂಜಿನ್ ಒಂದು ಸಲ ಕೆಮ್ಮಿ ಕಣ್ಣು ಮುಚ್ಚಿತು. ಮರುದಿನ ತಮ್ಮ ಅರ್ಜಿಯನ್ನು ಮೇಲಿನ ಕಚೇರಿಗೆ ಕಳಿಸುವಾಗ ಸಾರ್ ಕೆಳಗೆ ತಾವೇ ಷರಾ ಬರೆದರು: ಮಾಲೀಕರ ನಿರ್ಲಕ್ಷ್ಯ, ಕ್ಲೇಮು ತಿರಸ್ಕರಿಸಬಹುದು. ಆವತ್ತಿನಿಂದ ನನಗೆ ಆ ಮನುಷ್ಯನ ಮೇಲೆ ಗೌರವ ಬಂತು. ಅತ್ತೆಯ ಬಗ್ಗೆ ಮಾತ್ರ ಷರಾದಲ್ಲಿ ಒಂದಕ್ಷರವೂ ಇರಲಿಲ್ಲ.

ಈಗ ಐತಾಳರ ವಿಷಯ. ನನ್ನ ಇಡೀ ನೌಕರಿಯಲ್ಲಿ ನಾನು ಮರೆಯದ ಕೇಸು ಇದೊಂದೇ.

ವಾಸುದೇವ ಐತಾಳರು ಕುಂದಾಪುರದ ಕಡೆಯವರು. ಟಿ. ನಗರದಲ್ಲಿ ಒಂದು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಗಿಡ್ಡನೆಯ, ದುಂಡನೆಯ ಮನುಷ್ಯ. ಗಲ್ಲಾದ ಹಿಂದೆ ಕೂತರೆ ತಲೆ ಮಾತ್ರ ಕಾಣುತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿ ಕಾರು ಕೊಂಡು, ವಿಮೆ ಮಾಡಿಸಲು ನಮ್ಮ ಆಫೀಸಿಗೆ ಬಂದರು. ಜೊತೆಗೆ ಹೆಂಡತಿ ಗಿರಿಜಮ್ಮ, ಮತ್ತು ಹೋಟೆಲಿನ ತರಕಾರಿ ವ್ಯಾನು ಓಡಿಸುತ್ತಿದ್ದ ಸೆಲ್ವಂ. ಸೆಲ್ವಂ ನಮ್ಮ ಬಾಗಿಲು ದಾಟುವಾಗ ತಲೆ ಬಗ್ಗಿಸಿಯೇ ಒಳಗೆ ಬಂದ, ಅಷ್ಟು ಉದ್ದದ ಹುಡುಗ.

ತಮಿಳಿನಲ್ಲಿ ತಡವರಿಸುತ್ತಿದ್ದ ಐತಾಳರಿಗೆ ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಅವರ ಮುಖ ಅರಳಿತು.

"ಕನ್ನಡದವ್ರಾ ನೀವು! ಮೊದ್ಲೇ ಹೇಳೂದಲ್ದಾ? ಕಾಣಿ ಮೇಡಂ, ಇದ್ರಲ್ಲಿ ಎರಡು ನಮೂನೆ ಇತ್ತ್ ಅಂಬ್ರು. ನಂಗೆ ಎಂತದೂ ಅರ್ಥ ಆತಿಲ್ಲೆ."

"ಊಟದ ಲೆಕ್ಕದಲ್ಲಿ ಹೇಳ್ತೀನಿ ಕೇಳಿ" ಎಂದೆ. "ಥರ್ಡ್ ಪಾರ್ಟಿ ಅಂದ್ರೆ, ನಿಮ್ಮ ಕಾರಿಂದ ಬೇರೆ ಯಾರಿಗಾದ್ರೂ ಪೆಟ್ಟಾದ್ರೆ ಅವರ ಎಲೆಗೆ ಬಡಿಸೋದು. ಅದು ಕಾನೂನು, ಮಾಡಿಸಲೇಬೇಕು. ಆದ್ರೆ ನಿಮ್ಮ ಕಾರು ಜಜ್ಜಿಹೋದ್ರೆ ನೀವು ಬರೀ ಎಲೆ ನೋಡ್ತಾ ಕೂತಿರಬೇಕು. ಕಾಂಪ್ರಹೆನ್ಸಿವ್ ಅಂದ್ರೆ ಅವರ ಎಲೆಗೂ ಬೀಳುತ್ತೆ, ನಿಮ್ಮ ಎಲೆಗೂ ಬೀಳುತ್ತೆ."

ಐತಾಳರು ಮುಂದಕ್ಕೆ ಬಾಗಿದರು. "ಎರಡ್ನೇ ಸಲ ಕೇಂಡ್ರೂ ಬಡಿಸ್ತ್ರಾ?"

"ಬಡಿಸ್ತೀವಿ. ಆದ್ರೆ ರಬ್ಬರು, ಪ್ಲಾಸ್ಟಿಕ್ಕು ಹೋದ್ರೆ ಅರ್ಧ ಮಾತ್ರ."

"ಹಾಫ್ ಪ್ಲೇಟು."

"ಹಾಂ, ಹಾಫ್ ಪ್ಲೇಟು. ಇನ್ನೊಂದು. ಓಡಿಸೋರಿಗೆ ಲೈಸೆನ್ಸ್ ಇರಬೇಕು. ಇಲ್ದಿದ್ರೆ ಎಲೆ ಎತ್ತಿಬಿಡ್ತೀವಿ."

"ಅದ್ಕೆ ನಮ್ಮ ಸೆಲ್ವಂ ಇದ್ದನಲೆ!" ಎಂದರು ಗಿರಿಜಮ್ಮ, ಹೆತ್ತ ಮಗನನ್ನು ತೋರಿಸುವ ಹಾಗೆ. "ಇವ್ನಿಗೆ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸ ಆಪುಕಿತ್ತ್ ಮೇಡಂ. ಪರೀಕ್ಷೆ ಎಲ್ಲ ಪಾಸ್ ಆಯ್ತ್. ಆರ್ಡರ್ ಬಪ್ಪುದೊಂದು ಬಾಕಿ. ಅಲ್ಲಿವರೆಗೆ ನಮ್ಮ ಕಾರು."

ಸೆಲ್ವಂ ನಾಚಿ ಮೇಲಿನ ಫ್ಯಾನಿನ ಕಡೆ ನೋಡಿದ. ಪೊಲೀಸರಿಂದ ಇವನ ಮೇಲೆ ಯಾವ ಕೇಸೂ ಇಲ್ಲವೆಂದು ಬರೆದು ಬರಬೇಕು, ಬಂದರೆ ಆರ್ಡರ್ ಗ್ಯಾರಂಟಿ ಎಂದು ಗಿರಿಜಮ್ಮನೇ ವಿವರಿಸಿದರು. ಎಲೆಯ ಬಗ್ಗೆ ನಾನು ಇನ್ನೊಂದು ಮುಖ್ಯ ಮಾತು ಹೇಳುವುದಿತ್ತು. ಅಷ್ಟರಲ್ಲಿ ಐತಾಳರು ಗಡಿಯಾರ ನೋಡಿ ಹೌಹಾರಿದರು. ರಾಹುಕಾಲ ಶುರುವಾಗಲಿತ್ತು. ದುಡ್ಡು ಕಟ್ಟಿ, ಕಾಂಪ್ರಹೆನ್ಸಿವ್ ಪಾಲಿಸಿಯನ್ನು ಕಣ್ಣಿಗೊತ್ತಿಕೊಂಡು, ಮೂವರೂ ಮೆಟ್ಟಿಲಿಳಿದು ಹೋದರು.

ಆ ವಾರದ ಶುಕ್ರವಾರವೇ ಕಾರು ಪಿಳ್ಳೈಯಾರ್ ಕೋವಿಲಿನ, ಅಂದರೆ ಗಣಪತಿ ಗುಡಿಯ, ಮುಂದಿನ ಚಪ್ಪಲಿ ಸ್ಟ್ಯಾಂಡಿನೊಳಗೆ ನುಗ್ಗಿತು.

ಹೊಸ ಗಾಡಿಗೆ ಪೂಜೆ ಮಾಡಿಸಿ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣಿಟ್ಟು, ಅದರ ಮೇಲೆ ಹಾಯಿಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನನ್ನ ಸರ್ವಿಸಿನಲ್ಲಿ ಹೊಸ ಕಾರುಗಳ ಕ್ಲೇಮು ಅತಿ ಹೆಚ್ಚು ಬಂದದ್ದು ಹೆದ್ದಾರಿಯಿಂದಲ್ಲ, ದೇವಸ್ಥಾನದ ಬಾಗಿಲಿಂದ. ನಿಂಬೆಹಣ್ಣು ದೃಷ್ಟಿ ತೆಗೆಯುತ್ತದೋ ಇಲ್ಲವೋ, ಬಂಪರನ್ನಂತೂ ತೆಗೆಯುತ್ತದೆ. ಈ ಕಾರು ನಿಂಬೆಹಣ್ಣನ್ನು ದಾಟಿ, ಚಪ್ಪಲಿ ಸ್ಟ್ಯಾಂಡನ್ನು ಕೆಡವಿ, ಕಲ್ಲಿನ ಕಂಬಕ್ಕೆ ಮುಖ ಕೊಟ್ಟು ನಿಂತಿತ್ತು. ಪಕ್ಕದಲ್ಲಿ ಕೂತು ಹೂ ಕಟ್ಟುತ್ತಿದ್ದ ಕನ್ನಿಯಮ್ಮ ಎಂಬಾಕೆಯ ಪಾದದ ಮೂಳೆ ಮುರಿದಿತ್ತು. ಕ್ಲೇಮು ಅರ್ಜಿಯಲ್ಲಿ ಕಾರು ಓಡಿಸುತ್ತಿದ್ದವನ ಹೆಸರು ಸೆಲ್ವಂ ಎಂದಿತ್ತು.

ಆ ಹೆಸರನ್ನು ಎರಡು ಸಲ ಓದಿದೆ. ಕಾಲು ಮುರಿದಿದೆ ಎಂದ ಮೇಲೆ ಪೊಲೀಸ್ ಕೇಸು ತಪ್ಪಿದ್ದಲ್ಲ. ಕೇಸು ಆಯಿತೆಂದರೆ ಆ ಹುಡುಗನ ಬಸ್ಸು ಹೊರಟುಹೋಯಿತು.

ಅರ್ಜಿಯ ಜೊತೆ ಸಾಕ್ಷಿಗಳ ಹೇಳಿಕೆಗಳಿದ್ದವು. ತೆಂಗಿನಕಾಯಿ ಅಂಗಡಿಯವನು, ಚಪ್ಪಲಿ ಸ್ಟ್ಯಾಂಡಿನವನು, ಅರ್ಚಕರು, ಓಡಿಸುತ್ತಿದ್ದವನು ಸೆಲ್ವಂ ಎಂದು ಮೂವರೂ ಒಂದೇ ವಾಕ್ಯ ಹೇಳಿದ್ದರು. ಸುಂದರೇಶನ್ ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಊರಲ್ಲಿ ಮೂರು ಜನ ಒಂದೇ ಮಾತು ಹೇಳಿದ್ದಾರಾ? ಸಾಧ್ಯವೇ ಇಲ್ಲ. ಹೋಗಿ ನೋಡಿಕೊಂಡು ಬನ್ನಿ" ಎಂದರು.

ನಾನು ಮತ್ತು ನಟರಾಜನ್ ಮೊದಲು ಕೋವಿಲಿನ ಬೀದಿಗೆ ಹೋದೆವು. ಸಾಕ್ಷಿಗಳು ಅಲ್ಲೇ ಇದ್ದರು. ತೆಂಗಿನಕಾಯಿಯವನನ್ನು ಕೇಳಿದರೆ ಬಾಯಿಪಾಠದ ಹಾಗೆ ಒಪ್ಪಿಸಿದ, ಚಪ್ಪಲಿಯವನೂ ಒಪ್ಪಿಸಿದ. ಅರ್ಚಕರು ನಡುವೆ ಒಂದು ಪದ ಮರೆತಾಗ ತೆಂಗಿನಕಾಯಿಯವನು ಪಕ್ಕದಿಂದ ಎತ್ತಿಕೊಟ್ಟ. ನಿಮಗೆ ಕಾಫಿ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದೆ. "ಐತಾಳ್ ಹೋಟೆಲ್" ಎಂದು ಮೂವರೂ ಒಕ್ಕೊರಲಿನಿಂದ ಹೇಳಿದರು. ಆ ಹೇಳಿಕೆಯಂತೂ ಖಂಡಿತ ಸತ್ಯವಾಗಿತ್ತು.

ಅಲ್ಲಿಂದ ಕಾರು ಎಳೆದು ತಂದಿಟ್ಟಿದ್ದ ಗ್ಯಾರೇಜಿಗೆ ಹೋದೆವು. ಐತಾಳರೂ ಸೆಲ್ವಂನೂ ನಮಗಾಗಿ ಕಾದಿದ್ದರು. ನಟರಾಜನ್ ಬಂಪರು, ಬಾನೆಟ್ಟು, ರೇಡಿಯೇಟರು ಎಲ್ಲ ನೋಡಿ, ಕೊನೆಗೆ ಡ್ರೈವರ್ ಬಾಗಿಲು ತೆಗೆದರು. ತೆಗೆದವರು ಹಾಗೇ ನಿಂತರು. ಸೀಟು ಹಳಿಯ ಮೇಲೆ ಪೂರ್ತಿ ಮುಂದಕ್ಕೆ ಸರಿದು ಸ್ಟೀರಿಂಗನ್ನು ಮುಟ್ಟುವ ಹಾಗೆ ನಿಂತಿತ್ತು. ಸೀಟಿನ ಮೇಲೆ ನಾಲ್ಕು ಮಡಿಕೆ ಮಾಡಿದ ಜಮಖಾನವೊಂದು ಎತ್ತರಕ್ಕೆ ಹಾಸಿತ್ತು.

"ತಂಬಿ, ಸ್ವಲ್ಪ ಕೂತು ತೋರಿಸು" ಎಂದರು ನಟರಾಜನ್.

ಸೆಲ್ವಂ ಕೂರಲು ಹೊರಟ. ಬಲಗಾಲು ಒಳಗೆ ಹೋಯಿತು. ಎಡಗಾಲಿಗೆ ಜಾಗವಿರಲಿಲ್ಲ. ಅದನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡ. ಮಂಡಿಗಳು ಸ್ಟೀರಿಂಗಿನ ಎರಡೂ ಪಕ್ಕ ಎದ್ದು ನಿಂತವು, ತಲೆ ಜಮಖಾನದ ಎತ್ತರಕ್ಕೆ ಚಾವಣಿಗೆ ತಾಗಿ ಓರೆಯಾಯಿತು. ಆ ಭಂಗಿಯಲ್ಲಿ ಅವನಿಗೆ ಹಾರ್ನು ಕೂಡ ಒತ್ತಲು ಸಾಧ್ಯವಿರಲಿಲ್ಲ.

"ಹೀಗೇ ಓಡಿಸಿದೆಯಾ?"

"ಆಮಾ ಸಾರ್" ಎಂದ ಓರೆ ತಲೆಯಿಂದಲೇ. ಹೌದಂತೆ.

"ಡಿಕ್ಕಿ ಹೊಡದ ಪೆಟ್ಟಿಗೆ ಸೀಟು ಮುಂದೆ ಬಂದಿತ್ತ್" ಎಂದರು ಐತಾಳರು.

"ಜಮಖಾನವೂ ಅದೇ ಪೆಟ್ಟಿಗೆ ಮಡಚಿಕೊಂಡಿತೇ?" ಎಂದೆ ನಾನು. ಐತಾಳರು ರೇಡಿಯೇಟರನ್ನು ಗಮನವಿಟ್ಟು ನೋಡತೊಡಗಿದರು. ನಟರಾಜನ್ ಸೀಟಿನ ಹಿಡಿಕೆ ಎಳೆದು ಪರೀಕ್ಷಿಸಿದರು. ಬೀಗ ಗಟ್ಟಿಯಾಗಿಯೇ ಇತ್ತು. ಈಗ ಐತಾಳರು ಕೂರಲಿ ಎಂದರು. ಅವರು ಬೇಡ ಬೇಡವೆನ್ನುತ್ತಲೇ ಹತ್ತಿದರು. ತಟ್ಟೆಯ ಗುಳಿಯಲ್ಲಿ ಇಡ್ಲಿ ಕೂತ ಹಾಗೆ ಕೂತರು.

ಆದರೂ ಒಪ್ಪಲಿಲ್ಲ. ನಾನು ಸೆಲ್ವಂನನ್ನು ಗ್ಯಾರೇಜಿನ ಹೊರಗೆ ಕರೆದೊಯ್ದೆ. "ಯಾಕಪ್ಪಾ, ನಿನ್ನ ಬಸ್ಸಿನ ಕೆಲಸ ಬೇಡವೇ?" ಎಂದು ಕೇಳಿದೆ. ಹೋಟೆಲಿನಲ್ಲಿ ಕಲಿತ ಕನ್ನಡದಲ್ಲಿ ಅವನು ಹೇಳಿದ್ದು ಇಷ್ಟು: "ಯಜಮಾನ್ರಿಗೆ ಲೈಸೆನ್ಸ್ ಇಲ್ಲ ಮೇಡಂ. ಅವರು ಓಡಿಸಿದ್ರು ಅಂತ ಹೇಳಿದ್ರೆ ಇನ್ಶೂರೆನ್ಸ್ ಏನೂ ಕೊಡಲ್ಲ, ಎಲೆ ಎತ್ತಿಬಿಡ್ತೀವಿ ಅಂತ ನೀವೇ ಹೇಳಿದ್ರಲ್ಲ. ಕನ್ನಿಯಮ್ಮ ನಮ್ಮ ಬೀದಿಯೋರು. ಅವರಿಗೆ ಯಾರು ಕೊಡ್ತಾರೆ? ನಾನು ಅಂತ ಹೇಳಿದ್ರೆ ಅವರಿಗೆ ಸಿಗುತ್ತೆ. ಬಸ್ಸು ಹೋದ್ರೆ ಹೋಗ್ಲಿ. ವ್ಯಾನು ಇದೆಯಲ್ಲ." ವ್ಯಾನು ಇದೆಯಲ್ಲ ಎನ್ನುವಾಗ ಅವನು ಮುಖ ಅತ್ತ ತಿರುಗಿಸಿಕೊಂಡ. ನನಗೆ ಕಣ್ಣು ತುಂಬಿ ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ರಾಹುಕಾಲವನ್ನು ಬೈದುಕೊಂಡೆ.

ಆವತ್ತು ಸಂಜೆ ಪೊಲೀಸ್ ಸ್ಟೇಷನ್ನಿಗೆ ಮಾಲೀಕರೂ ಡ್ರೈವರೂ ಹೋಗಿ ಹೇಳಿಕೆ ಕೊಡಬೇಕಿತ್ತು. ಇನ್‌ಸ್ಪೆಕ್ಟರು ಅದನ್ನು ನೋಡಿ ಕೇಸು ಬರೆಯುವವರಿದ್ದರು. ಅದಕ್ಕೆ ಮೊದಲು ನಾನು ನೇರವಾಗಿ ಹೋಟೆಲಿಗೆ ಹೋಗಿ ಕೂತೆ. ಐತಾಳರು, ಗಿರಿಜಮ್ಮ, ಸೆಲ್ವಂ ಮೂವರನ್ನೂ ಒಂದೇ ಮೇಜಿಗೆ ಕರೆದೆ. ಮಾಣಿ ಬಂದು "ಏನು ಕೊಡಲಿ" ಎಂದಾಗ ಐತಾಳರು ತಮ್ಮ ಹೋಟೆಲಿನಲ್ಲೇ ಗಿರಾಕಿಯ ಹಾಗೆ ತಬ್ಬಿಬ್ಬಾದರು.

"ಐತಾಳರೇ, ಆವತ್ತು ನೀವು ಓಡಿಹೋದ್ರಿ, ಅರ್ಧ ಮಾತು ಬಾಕಿ ಉಳೀತು" ಎಂದೆ. "ಲೈಸೆನ್ಸ್ ಇಲ್ಲದವರು ಓಡಿಸಿದ್ರೆ ಎತ್ತೋದು ನಿಮ್ಮ ಎಲೆ. ಕನ್ನಿಯಮ್ಮನ ಎಲೆ ಎತ್ತಲ್ಲ. ಕಾಲು ಮುರಿದುಕೊಂಡವರು ನಿಮ್ಮ ಲೈಸೆನ್ಸ್ ನೋಡಿ ಬಂದು ಕೂತಿದ್ರಾ? ಇಂಥ ಕಡೆ ಕೋರ್ಟು ಸಾಮಾನ್ಯವಾಗಿ ಕಂಪನಿಗೆ, 'ಮೊದಲು ನೀನು ಆಕೆಗೆ ಕೊಡು, ಆಮೇಲೆ ಮಾಲೀಕನ ಹತ್ತಿರ ವಸೂಲಿ ಮಾಡ್ಕೋ' ಅನ್ನುತ್ತೆ. ನೀವು ಸುಳ್ಳು ಹೇಳಿದ್ರೂ ನಿಜ ಹೇಳಿದ್ರೂ ಆಕೆಗೆ ಸಿಗೋದು ಸಿಗುತ್ತೆ."

ಐತಾಳರ ಬಾಯಿ ತೆರೆದದ್ದು ತೆರೆದೇ ಇತ್ತು. "ಹಂಗಾರೆ ಈ ಸುಳ್ಳು ಎಂತಕ್ಕೆ?"

"ನಿಮ್ಮ ಬಂಪರಿಗೆ."

ಗಿರಿಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತರು. "ಬಂಪರಿಗೆ? ಒಂದು ತಗಡಿಗೆ ಈ ಹುಡ್ಗನ ಬದುಕು ತೆಗೆತ್ರಿಯಾ? ನಾ ಆವತ್ತೇ ಬಡ್ಕಂಡೆ. ನಿಂಬೆಹಣ್ಣಿನ ಮೇಲೆ ಸೆಲ್ವಂ ಹಾಯ್ಸಲಿ ಅಂದೆ. 'ಯಜಮಾನ ನಾನು, ನಾನೇ ಸ್ಟೀರಿಂಗಿಗೆ ಕೂಕಣ್ಕ್' ಅಂದ್ರಿ!"

"ನಂಗೆ ಗೊತ್ತಿತ್ತಾ ಮಾರಾಯ್ತಿ? ಕನ್ನಿಯಮ್ಮಂಗೆ ಸಿಕ್ಕಲಿ ಅಂತ ಮಾಡದ್ದು..." ಐತಾಳರು ಧ್ವನಿ ತಗ್ಗಿಸಿದರು. "ಅಲ್ದೇ, ಈಗ ನಾನೇ ಅಂತ ಹೇಳ್ರೆ ಹೋಟ್ಲಿಗೆ ಬಪ್ಪವ್ರೆಲ್ಲ ನಗಾಡ್ತ್ರು."

"ಇಡೀ ಬೀದಿ ಕಣ್ಣಾರೆ ಕಂಡಿತ್ತ್. ಅವ್ರು ನಗಾಡದೇ ಇಪ್ಪುದು ನೀವು ಕೊಡೂ ಕಾಫಿಗೆ!"

ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಐತಾಳರು ಸೆಲ್ವಂನ ಮುಖ ನೋಡಿದರು. ಅವನು ಮೇಜಿನ ಮೇಲೆ ಬಿದ್ದ ನೀರಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಾ ಕೂತಿದ್ದ. ಐತಾಳರು ಹೆಗಲ ಮೇಲಿನ ಟವೆಲನ್ನು ಕೊಡವಿ ಎದ್ದರು. "ಬಾ, ಹೋಪ" ಎಂದು ಅವನ ಕೈ ಹಿಡಿದು ಸ್ಟೇಷನ್ನಿಗೆ ಹೊರಟೇಬಿಟ್ಟರು. ದಾರಿಯಲ್ಲಿ ನಾನು ಅವರ ಹಿಂದೆ, ನನ್ನ ಹಿಂದೆ ಗಿರಿಜಮ್ಮ, ಅವರ ಹಿಂದೆ, ಕೋವಿಲಿನ ಬೀದಿಯಲ್ಲಿ ಬಂದು ಸೇರಿಕೊಂಡ ಮೂವರು ಸಾಕ್ಷಿಗಳು.

ಸ್ಟೇಷನ್ನಿನಲ್ಲಿ ಯಾರೂ ಎಣಿಸದ ಕಷ್ಟ ಎದುರಾಯಿತು. ಇನ್‌ಸ್ಪೆಕ್ಟರು ಐತಾಳರ ಮಾತನ್ನು ನಂಬಲಿಲ್ಲ.

"ನಿಮ್ಮದು ದೊಡ್ಡ ಮನಸ್ಸು ಸಾರ್" ಎಂದರು ತಮಿಳಿನಲ್ಲಿ, ಗದ್ಗದಿತರಾಗಿ. "ಡ್ರೈವರನ್ನು ಉಳಿಸೋಕೆ ತಪ್ಪು ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ. ಇಂಥ ಯಜಮಾನರನ್ನ ನಾನು ನೋಡಿಲ್ಲ. ಆದ್ರೆ ಕಾನೂನು ಕಾನೂನೇ."

ಐತಾಳರು ಆಣೆ ಇಟ್ಟರು. ಇನ್‌ಸ್ಪೆಕ್ಟರು ಇನ್ನಷ್ಟು ಮೆಚ್ಚಿಕೊಂಡರು. ಸಾಕ್ಷಿಗಳನ್ನು ಕೇಳಿದರೆ ಅವರು ಅಭ್ಯಾಸಬಲದಿಂದ ಹಳೆಯ ವಾಕ್ಯವನ್ನೇ ಒಪ್ಪಿಸಿದರು. ಸೆಲ್ವಂ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. ನಾನು ಸೀಟಿನ ಕಥೆ, ಜಮಖಾನದ ಕಥೆ ಹೇಳಿದೆ. "ಇನ್ಶೂರೆನ್ಸ್‌ನವರು ದುಡ್ಡು ಕೊಡದೇ ಇರೋಕೆ ಏನು ಬೇಕಾದ್ರೂ ಹೇಳ್ತೀರಿ" ಎಂದು ನನ್ನ ಬಾಯಿ ಮುಚ್ಚಿಸಿದರು. ನಮ್ಮ ಇಲಾಖೆಗೆ ಊರಿನಲ್ಲಿದ್ದ ಮರ್ಯಾದೆ ಅಷ್ಟು.

ಕೊನೆಗೆ ಇನ್‌ಸ್ಪೆಕ್ಟರು ಕಾಟಾಚಾರಕ್ಕೆ ಒಂದು ಪ್ರಶ್ನೆ ಕೇಳಿದರು. "ಸರಿ, ನೀವೇ ಓಡಿಸಿದ್ದು ಅಂತಾದ್ರೆ ಹೇಳಿ, ಕಾಲಲ್ಲಿ ಏನು ಮಾಡಿದ್ರಿ?"

"ಎಡದ್ದು ಬ್ರೇಕ್ ಅಲ್ದಾ, ಅದನ್ನ ಬಲವಾಗಿ ಮೆಟ್ಟಿ ಹಿಡ್ಕೊಂಡೆ" ಎಂದರು ಐತಾಳರು ತಮ್ಮ ತಮಿಳಿನಲ್ಲಿ. "ಬಲದ್ದು ಹೋಗೋಕೆ, ಅದನ್ನೂ ಮೆಟ್ಟಿದೆ. ಗಾಡಿ ಬರೀ ಕೂಗಿತು, ಹೋಗ್ಲಿಲ್ಲ. ಆಮೇಲೆ ಬ್ರೇಕ್ ಬಿಟ್ಟೆ."

"ಎಡಗಡೆ ಇರೋದು ಕ್ಲಚ್ಚು. ಬ್ರೇಕು ನಡುವೆ ಇರುತ್ತೆ."

ಐತಾಳರು ಕಣ್ಣರಳಿಸಿದರು. "ನಡುವೆ ಒಂದು ಬೇರೆ ಇತ್ತಾ?"

ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಮೊದಲು ನಕ್ಕ, ಆಮೇಲೆ ರೈಟರ್, ಕೊನೆಗೆ ಇನ್‌ಸ್ಪೆಕ್ಟರು. ನಗುತ್ತಲೇ ಸೆಲ್ವಂನ ಹೆಸರಿದ್ದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ, ಹೊಸ ಹಾಳೆ ತೆಗೆದುಕೊಂಡರು. ಗಿರಿಜಮ್ಮ ಹೊರಗೆ ಬಂದು ಗೋಡೆಯ ಕಡೆ ತಿರುಗಿ ಅತ್ತರು. ನಾನು ಅವರ ಬೆನ್ನು ಸವರುತ್ತಾ ನಿಂತೆ.

ಐತಾಳರು ದಂಡ ಕಟ್ಟಿದರು. ಕಾರನ್ನು ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಸಿದರು. ಕನ್ನಿಯಮ್ಮನಿಗೆ ಕೋರ್ಟಿನ ಮೂಲಕ ಕಂಪನಿ ಪರಿಹಾರ ಕೊಟ್ಟಿತು, ಆಮೇಲೆ ಐತಾಳರಿಗೆ ವಸೂಲಿ ನೋಟೀಸು ಹೋಯಿತು, ಅವರು ಗೊಣಗುತ್ತಲೇ ಕಂತಿನಲ್ಲಿ ಕಟ್ಟಿದರು. ಕ್ಲೇಮು ವಾಪಸು ಪಡೆದ ಪತ್ರವನ್ನು ನಾನು ಸುಂದರೇಶನ್ ಸಾರ್ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಸುಳ್ಳು ಕ್ಲೇಮು ಹಾಕಿದ್ದಕ್ಕೆ ಏನು ಗುಡುಗುತ್ತಾರೋ ಎಂದು ಹೆದರಿದ್ದೆ. ಅವರು ಪತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದನ್ನು ನಂಬುತ್ತೇನೆ" ಎಂದರು. "ಇಷ್ಟು ಮಾನ ಹೋಗುವ ಸುಳ್ಳನ್ನು ಯಾರೂ ಕಟ್ಟುವುದಿಲ್ಲ." ನನಗೆ ತಿಳಿದಂತೆ ಅವರು ನಂಬಿದ ಮೊದಲನೆಯ ಮತ್ತು ಕಡೆಯ ಹೇಳಿಕೆ ಅದು.

ಆಮೇಲಿನ ವರ್ಷಗಳಲ್ಲಿ ಎಲ್ಲ ಬದಲಾಯಿತು. ಕಂಪ್ಯೂಟರ್ ಬಂತು. ಮೊದಲ ದಿನ ಸುಂದರೇಶನ್ ಸಾರ್ ಅದು ಕೂಡಿದ್ದನ್ನು ಪೆನ್ಸಿಲ್ಲಿನಲ್ಲಿ ಮತ್ತೆ ಕೂಡಿ ನೋಡಿದರು. ಖಾಸಗಿ ಕಂಪನಿಗಳು ಬಂದವು, ಟೈ ಕಟ್ಟಿದ ಹುಡುಗರು ಗಿರಾಕಿಯ ಮನೆಗೇ ಹೋಗಿ ಪಾಲಿಸಿ ಕೊಟ್ಟರು. ನಾವು ಹಾಫ್ ಪ್ಲೇಟು ಎನ್ನುತ್ತಿದ್ದ ರಬ್ಬರಿಗೂ ಪ್ಲಾಸ್ಟಿಕ್ಕಿಗೂ ಸ್ವಲ್ಪ ಹೆಚ್ಚು ಕಟ್ಟಿದರೆ ಫುಲ್ ಪ್ಲೇಟು ಕೊಡುವ ಪಾಲಿಸಿಗಳು ನಾನು ನಿವೃತ್ತಳಾಗುವ ಹೊತ್ತಿಗೆ ಶುರುವಾದವು. ಯಾವುದು ತೆಗೆದುಕೊಳ್ಳಲಿ ಎಂದು ಈಗಲೂ ನೆಂಟರು ಕೇಳುತ್ತಾರೆ. ಕಾರು ಹೊಸದಾಗಿದ್ದರೆ ಪೂರ್ತಿ ತಗೊಳ್ಳಿ, ಮಾರಿದರೂ ಏನೂ ಬಾರದಷ್ಟು ಹಳತಾಗಿದ್ದರೆ ಥರ್ಡ್ ಪಾರ್ಟಿ ಸಾಕು, ಬೆಲೆಯನ್ನು ಕದ್ದು ಬರೆಸಬೇಡಿ ಎನ್ನುತ್ತೇನೆ. ಸಿಂಧು, ನೀನು ಮಾತ್ರ ಒಂದು ಕೆಲಸ ಮಾಡು. ಗಿರಾಕಿ ಎಷ್ಟೇ ಅವಸರದಲ್ಲಿರಲಿ, ಅರ್ಧ ಮಾತಿನಲ್ಲಿ ಎದ್ದು ಹೋಗಲು ಬಿಡಬೇಡ. ಬಾಗಿಲಿಗೆ ಅಡ್ಡ ನಿಂತಾದರೂ ಪೂರ್ತಿ ಹೇಳು.

ಸೆಲ್ವಂನ ಆರ್ಡರ್ ಬಂತು ಎಂದು ಗಿರಿಜಮ್ಮ ಫೋನು ಮಾಡಿ ಹೇಳಿದ್ದರು. ಅದಾದ ಎಷ್ಟೋ ತಿಂಗಳ ಮೇಲೆ ಒಂದು ಮಧ್ಯಾಹ್ನ ಟಿ. ನಗರದಲ್ಲಿ ಅಣ್ಣಾ ನಗರದ ಬಸ್ಸು ಹತ್ತಿದೆ. ಹತ್ತಿ, ಮುಂದಿನ ಹೆಂಗಸರ ಸೀಟಿನಲ್ಲಿ ಕೂತು ನೋಡಿದರೆ ಸ್ಟೀರಿಂಗ್ ಹಿಡಿದವನು ಸೆಲ್ವಂ. ಖಾಕಿ ಬಟ್ಟೆ, ಎದೆಯ ಮೇಲೆ ಬ್ಯಾಡ್ಜು, ಉದ್ದನೆಯ ಕಾಲುಗಳಿಗೆ ಬೇಕಾದಷ್ಟು ಜಾಗ. ಕನ್ನಡಿಯಲ್ಲಿ ನನ್ನನ್ನು ಕಂಡು ಬಾಯ್ತುಂಬ ನಕ್ಕ. ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು, ಕಂಬಿಗೆ ಗಲ್ಲ ಆನಿಸಿ, "ಸೈಕಲ್ ಬತ್ತಾ ಇತ್ತ್, ನಿಧಾನ, ನಿಧಾನ" ಎನ್ನುತ್ತಿದ್ದವರು ಐತಾಳರು.

"ಏನು ಐತಾಳರೇ, ಅಣ್ಣಾ ನಗರಕ್ಕೆ ಹೊರಟ್ರಾ?"

"ಇಲ್ಲೆ ಮೇಡಂ. ಹೋಯಿ, ಇದೇ ಬಸ್ಸಲ್ಲಿ ತಿರ್ಗಿ ಬಪ್ಪುದು. ಮಧ್ಯಾಹ್ನ ಹೋಟ್ಲಲ್ಲಿ ರಶ್ ಇರೂದಿಲ್ಲೆ ಕಾಣಿ."

"ಕಾರು ಏನಾಯ್ತು? ಡ್ರೈವರ್ ಸಿಗ್ಲಿಲ್ವಾ?"

"ಡ್ರೈವರ್ ಸಿಕ್ತ್ರು. ಸುಮಾರು ಜನ ಬಂದ್ರು, ಹೋದ್ರು." ಐತಾಳರು ಕೈಯಲ್ಲಿದ್ದ ಬಸ್ಸಿನ ಚೀಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಮುಂದಿನ ಖಾಕಿ ಬೆನ್ನನ್ನು ನೋಡಿದರು. "ಸೆಲ್ವಂ ಸಿಕ್ಕುದಿಲ್ಲೆ. ಈ ಬಸ್ಸಲ್ಲಾರೆ ಒಂದು ಟಿಕೇಟ್ ತಕಂಡ್ರೆ ಸಿಕ್ತ."

ನನ್ನ ಸ್ಟಾಪು ಬಂತು. ನಾನು ಇಳಿಯಲಿಲ್ಲ.